ಬೂಸ್ಟು ಹಿಡಿದ ಕಡ್ಲೆಕಾಯಿನ ದನಕ್ಕೆ ಹಾಕು ಅನ್ನೋರಿಗೆ

ಮೊನ್ನೆ ಸಂತೆ ದಿನ ಟೀ ಅಂಗಡಿ ಮುಂದೆ ಪಕ್ಕದೂರಿನವರೊಬ್ಬರು ಸಿಕ್ಕಿದ್ರು. ಕಡ್ಲೆಕಾಯಿ ಕಿತ್ತು ಗುಡ್ಡೆ ಹಾಕಿದ ಎರಡನೇ ದಿನಕ್ಕೇ ಚಿತ್ತೆ ಮಳೆ ಹಿಡ್ಕೊಂಡಿದೆ. ನಾಲ್ಕು ದಿನ ಟಾರ್ಪಾಲು ತೆಗೆದಿಲ್ಲ. "ಹತ್ತು ಚೀಲದಷ್ಟು ಬೂಸ್ಟು ಹಿಡೀತು ಕಣಣ್ಣ. ಏನ್ಮಾಡೋದು, ಬಿಸಿಲಿಗೆ ಹರವಿದೀನಿ. ಚೆನ್ನಾಗಿರೋದು ಮಂಡಿಗೆ, ಉಳಿದದ್ದು ಗಾಣಕ್ಕೆ, ಹಿಂಡಿ ದನಕ್ಕೆ" ಅಂದ್ರು. ಪಕ್ಕದಲ್ಲಿ ಕೂತಿದ್ದ ನಾಲ್ಕು ಜನ ಹೌದೌದು ಅಂತ ತಲೆ ಆಡಿಸಿದ್ರು. ನಾನೊಬ್ಬ ಜಗಳ ಆಡ್ದೆ. ಅಲ್ಲಿ ಮುಗಿಯದ ಜಗಳನ ಇಲ್ಲಿ ಬರೀತಿದೀನಿ. ಉದ್ದ ಇದೆ, ರಾತ್ರಿ ಊಟ ಆದ್ಮೇಲೆ ನಿಧಾನಕ್ಕೆ ಓದಿ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಇವನೇನು ದೊಡ್ಡ ಮನುಷ್ಯ ಅಂತೀರಿ. ಮೂರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಮಳೆ ಬಂತು ಅಂತ ಹಸಿ ಗುಡ್ಡೆ ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಸುತ್ತ ಕಲ್ಲು ಹೇರಿ ಮನೆಗೆ ಹೋಗಿ ಮಲಗಿದ್ದೆ. ನಾಲ್ಕನೇ ದಿನ ತೆಗೆದು ಒಳಗೆ ಕೈ ಹಾಕಿದ್ರೆ ಕಾದ ಹಂಚಿನ ಪಕ್ಕ ಕೈ ಇಟ್ಟಹಾಗೆ ಬಿಸಿ. ಮುಗ್ಗಲು ವಾಸನೆ. ಸಿಪ್ಪೆ ಒಡೆದ್ರೆ ಬೀಜದ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿ. ಬಿಸಿಲಿಗೆ ಹಾಕಿ, ತೂರಿ, ಪುಡಿ ಹಾರಿಸಿ, ಆರಿಸಿ, ಒಳ್ಳೇದು ಮಾರಿದೆ. ಕೆಟ್ಟದ್ದು ಗಾಣಕ್ಕೆ ಹೋಯ್ತು. ಹಿಂಡಿ ನನ್ನ ಎರಡು ಹಸುವಿನ ಬಾನಿಗೆ ಬಂತು. ಒಂಬತ್ತು ಲೀಟರ್ ಕೊಡ್ತಿದ್ದದ್ದು ಹದಿನೈದು ದಿನದಲ್ಲಿ ಐದಕ್ಕೆ ಇಳೀತು, ಮೇವು ಮೂಸಿ ಬಿಡ್ತಿತ್ತು. ಪಶು ಡಾಕ್ಟರು ಬಂದು ಹಿಂಡಿ ಹಿಡಿದು ನೋಡಿ, "ಮೊದಲು ಇದನ್ನ ನಿಲ್ಲಿಸಿ" ಅಂದ್ರು. ನಿಲ್ಲಿಸಿದ್ಮೇಲೆ ನಿಧಾನಕ್ಕೆ ಸುಧಾರಿಸ್ತು. ಇದೇ ಕಾರಣ ಅಂತ ಯಾರೂ ಲ್ಯಾಬಿನಿಂದ ಬರೆದು ಕೊಟ್ಟಿಲ್ಲ. ಆದ್ರೆ ಆ ಹದಿನೈದು ದಿನ ಅದೇ ಹಾಲನ್ನ ಬಾಣಂತನಕ್ಕೆ ಬಂದಿದ್ದ ನನ್ನ ಮಗಳು ಕುಡಿದಿದ್ಲು. ಅದನ್ನ ನೆನೆಸಿಕೊಂಡ್ರೆ ಈಗಲೂ ನಿದ್ದೆ ಬರಲ್ಲ.

ಯಾಕೆ ಅಂತೀರಾ? ಆ ಹಳದಿ ಹಸಿರು ಬೂಸ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದು ಬಿಡೋ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತಾಗ ಅದು ಗೊತ್ತಾಗಿದ್ದು. ಅವು ತಿಂದಿದ್ದೇನು ಗೊತ್ತಾ? ಬ್ರೆಜಿಲ್‌ನಿಂದ ಬಂದ ಕಡ್ಲೆಕಾಯಿ ಹಿಂಡಿ. ನಾವು ಹಸುಗೆ ಹಾಕ್ತೀವಲ್ಲ, ಅದೇ. ಕೋಳಿ ಕಥೆ ನಮಗ್ಯಾಕೆ ಅನ್ನಬೇಡಿ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾನ್ಸ್‌ವಾಡಾ ಕಡೆ ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದು ಮುಸುಕಿನ ಜೋಳ ನೆನೀತು. ಬಡವರು, ಬಿಸಾಕೋಕೆ ಮನಸ್ಸಿಲ್ಲ, ತಿಂದ್ರು. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬ್ತು. ನೂರಕ್ಕೂ ಹೆಚ್ಚು ಜನ ಸತ್ರು. ಅದೇ ಮನೆಗಳ ನಾಯಿಗಳಿಗೂ ಅದೇ ಕಾಯಿಲೆ. ಅವರೂ ನಮ್ಮಂಗೆ ಎಕರೆ ಎರಡೆಕರೆ ಜನ.

ಇನ್ನು ಸ್ವಲ್ಪ ಸ್ವಲ್ಪ ಒಳಗೆ ಹೋದ್ರೆ ಆವತ್ತು ಏನೂ ಆಗಲ್ಲ. ವರ್ಷಗಟ್ಟಲೆ ಹೋಗ್ತಾ ಹೋಗ್ತಾ ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುತ್ತೆ. ಹಸು ತಿಂದದ್ದರಲ್ಲಿ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತೆ. ನಮ್ಮ ದೇಶದಲ್ಲಿ ಹಾಲಿಗೆ ಇಟ್ಟಿರೋ ಮಿತಿ ಕೆಜಿಗೆ ಅರ್ಧ ಮೈಕ್ರೋಗ್ರಾಂ. ಒಂದು ಗ್ರಾಮನ್ನ ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಅರ್ಧ ಪಾಲು! ಇಷ್ಟು ಕಮ್ಮಿಗೇ ಕೆಂಪು ದೀಪ ಹಾಕಿದಾರೆ ಅಂದ್ರೆ ಸುಮ್ನೆ ಹಾಕಿರಲ್ಲ. ಕಾಯಿಸಿದ್ರೆ ಹೋಗಲ್ಲ. ಬೀಜ ಹುರಿದ್ರೆ ಸ್ವಲ್ಪ ಕಮ್ಮಿ ಆಗಬಹುದು, ಪೂರಾ ಹೋಗಲ್ಲ. ಬಿಸಿಲಿಗೆ ಹಾಕಿದ್ರೆ ಬೂಸ್ಟು ಬೆಳೆಯೋದು ನಿಲ್ಲುತ್ತೆ, ಅಷ್ಟೇ. ಬಿಟ್ಟ ವಿಷ ಬೀಜದೊಳಗೇ ಇರುತ್ತೆ. ಪುಡಿ ಹಾರಿಸಿದ್ರೆ ಕಣ್ಣಿಗೆ ಕಾಣೋದು ಹೋಯ್ತು, ಇನ್ನೂ ಮೋಸ. ಗಾಣದಲ್ಲೂ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತೆ, ಸೋಸದ ಎಣ್ಣೆಯಲ್ಲೂ ಒಂದಿಷ್ಟು ಬರುತ್ತೆ. ಅಂದ್ರೆ "ಹಿಂಡಿ ದನಕ್ಕೆ" ಅನ್ನೋದು ವಿಷನ ಒಂದು ಕಡೆ ಕೂಡಿಸಿ ಬಾನಿಗೆ ಸುರಿಯೋ ಕೆಲಸ.

ಮಳೆ ಮೇಲೆ ತಪ್ಪು ಹೊರಿಸೋದು ಸುಲಭ. ಬೂಸ್ಟಿಗೆ ಬೇಕಾದ್ದು ಮಳೆ ಅಲ್ಲ, ತೇವ, ಬೆಚ್ಚಗಿನ ಜಾಗ, ಉಸಿರಾಡೋಕೆ ಗಾಳಿ, ಸಮಯ. ಹನ್ನೆರಡು ಡಿಗ್ರಿಯಿಂದ ನಲವತ್ತೆಂಟರವರೆಗೂ ಈ ಬೂಸ್ಟು ಬದುಕುತ್ತೆ. ವಿಷ ಬಿಡೋಕೆ ಅದಕ್ಕೆ ಇಷ್ಟವಾದ್ದು 25ರಿಂದ 35. ನಮ್ಮ ಅಕ್ಟೋಬರ್ ಹಗಲೇ ಅದು. ಕಾಯಿಗೂ ಜೀವ ಇದೆ, ಹಸಿ ಗುಡ್ಡೆಯಲ್ಲಿ ಅದು ಉಸಿರಾಡಿ ತನ್ನಷ್ಟಕ್ಕೇ ಬಿಸಿ ಆಗುತ್ತೆ. ಮೇಲೆ ಟಾರ್ಪಾಲು ಬಿಗಿದ್ರೆ ಆ ಹಬೆ ರಾತ್ರಿ ತಣ್ಣಗಾಗಿ ನೀರಾಗಿ ವಾಪಸ್ ಕಾಯಿ ಮೇಲೇ ತೊಟ್ಟಿಕ್ಕುತ್ತೆ. ಬೆಳಿಗ್ಗೆ ಟಾರ್ಪಾಲಿನ ಒಳಮಗ್ಗುಲು ಮುಟ್ಟಿ ನೋಡಿ. ಹೊರಗಡೆ ಒಂದು ಹನಿ ಮಳೆ ಇಲ್ಲದಿದ್ರೂ ಒಳಗೆ ಒದ್ದೆ.

ನಮ್ಮನ್ನ ದಾರಿ ತಪ್ಪಿಸಿದ್ದು ರಾಗಿ ಅಂತ ನನಗನ್ಸುತ್ತೆ. ನಮ್ಮ ಅಜ್ಜಂದಿರು ಹಗೇವಿನಲ್ಲಿ ರಾಗಿ ತುಂಬಿ ಮುಚ್ಚಿ ಎಷ್ಟೋ ವರ್ಷ ಇಡ್ತಿದ್ರು, ಏನೂ ಆಗ್ತಿರಲಿಲ್ಲ. ಒಣಗಿದ ರಾಗಿ, ಒಳಗೆ ಗಾಳಿ ಇಲ್ಲ, ಹುಳಕ್ಕೂ ಬೂಸ್ಟಿಗೂ ಉಸಿರೇ ಇಲ್ಲ. (ಅದಕ್ಕೇ ಹಗೇವು ತೆಗೆದ ತಕ್ಷಣ ಯಾರನ್ನೂ ಇಳಿಸ್ತಿರಲಿಲ್ಲ, ದೀಪ ಇಳಿಬಿಟ್ಟು ಉರಿಯುತ್ತಾ ನೋಡ್ತಿದ್ರು.) ಆ ಧೈರ್ಯದಲ್ಲೇ ನಾವು ಕಡ್ಲೆಕಾಯಿನೂ ನೋಡ್ತೀವಿ. ಆದ್ರೆ ಕಡ್ಲೆ ಬೀಜದಲ್ಲಿ ಹೆಚ್ಚೂ ಕಮ್ಮಿ ಅರ್ಧ ಎಣ್ಣೆ. ನೀರು ಎಣ್ಣೆ ಜೊತೆ ಸೇರಲ್ಲ, ಉಳಿದರ್ಧದಲ್ಲೇ ನಿಲ್ಲುತ್ತೆ, ಅಲ್ಲೇ ಬೂಸ್ಟು ಕುಡಿಯುತ್ತೆ. ಹಾಗಾಗಿ ಜೋಳಕ್ಕೆ ನೂರಕ್ಕೆ 13 ತೇವ ನಡೆದ್ರೂ ಕಡ್ಲೆ ಬೀಜ 7ಕ್ಕೆ ಬರಬೇಕು, ಸಿಪ್ಪೆ ಸಮೇತ ಕಾಯಿ ಆದ್ರೆ 8ರ ಆಸುಪಾಸು. ಜೋಳದ ಲೆಕ್ಕದಲ್ಲಿ "ಒಣಗಿದೆ" ಅಂದದ್ದು ಕಡ್ಲೆಕಾಯಿಗೆ ಹಸಿ.

ಇಷ್ಟೆಲ್ಲಾ ಗೊತ್ತಿದ್ರೂ ಯಾಕೆ ಒಣಗಿಸಲ್ಲ? ಇಲ್ಲಿ ರೈತನ್ನ ಮಾತ್ರ ಬಯ್ಯೋಕೆ ನಾನು ತಯಾರಿಲ್ಲ. ಲೆಕ್ಕ ಹಾಕಿ. 8 ತೇವಕ್ಕೆ ಒಣಗಿಸಿ ಹತ್ತು ಕ್ವಿಂಟಾಲ್ ತಂದೆ ಅಂತ ಇಟ್ಕೊಳ್ಳಿ. ಅದೇ ಕಾಯಿನ 14ರಲ್ಲಿ ತಂದಿದ್ರೆ ಸುಮಾರು 70 ಕೆಜಿ ಜಾಸ್ತಿ ತೂಗ್ತಿತ್ತು. ಕ್ವಿಂಟಾಲಿಗೆ 6,000 ಅಂದ್ರೂ 4,200 ರೂಪಾಯಿ. ಅಂದ್ರೆ ಒಂದು ವಾರ ಕಣ ಕಾಯ್ದು, ಕೂಲಿ ಕೊಟ್ಟು ಒಣಗಿಸಿದ್ದಕ್ಕೆ ನನಗೆ ಸಿಕ್ಕ ಬಹುಮಾನ 4,200 ನಷ್ಟ. ದಲ್ಲಾಳಿ ಕಾಯಿ ಹಿಡಿದು ಕಿವಿ ಹತ್ರ ಅಲ್ಲಾಡಿಸ್ತಾನೆ, ಅವನಿಗೂ ಗೊತ್ತಾಗುತ್ತೆ. ಹಸಿ ಅಂತ ಒಂದಿಷ್ಟು ಕಳೀತಾನೆ, ನಿಜ. ಆದ್ರೆ ಒಣಗಿಸಿ ತಂದೋನಿಗೆ ಒಂದು ರೂಪಾಯಿ ಮೇಲೆ ಹಾಕಿದ್ದು ನಾನಂತೂ ನೋಡಿಲ್ಲ. ನೀರಿಗೆ ದುಡ್ಡು ಕೊಡೋ ಮಾರ್ಕೆಟ್ಟಿಗೆ ನೀರೇ ಬರುತ್ತೆ. ತೇವ ಅಳೆಯೋ ಮಿಷನ್ ಏನು ಆಕಾಶದಿಂದ ಇಳೀಬೇಕಾ? ಪ್ರತಿ ಮಾರುಕಟ್ಟೆ ಪ್ರಾಂಗಣದಲ್ಲಿ ತೂಕದ ಕಾಟಾ ಪಕ್ಕ ಒಂದು ಇಟ್ಟು, ತೇವದ ಮೇಲೆ ರೇಟು ಕೂಗಿ ಅಂತ ನಾವೆಲ್ಲ ಒಟ್ಟಿಗೆ ಹೋಗಿ ಕೇಳ್ಬೇಕು. ನಮ್ಮ ಸಂಘದವರು ಸಾಲಮನ್ನಾಕ್ಕೆ ಟ್ರ್ಯಾಕ್ಟರ್ ತುಂಬಿಸ್ಕೊಂಡು ಹೋಗ್ತೀರಲ್ಲ, ಇದಕ್ಕೂ ಒಂದು ದಿನ ಹೋಗೋಣ.

ಕಾಯಿ ಒಡೆಯೋ ಮಿಲ್ಲಿನ ಕಥೆ ಇನ್ನೊಂದು. ಚೆನ್ನಾಗಿ ಒಣಗಿದ ಕಾಯಿ ಮಿಷನ್ನಿಗೆ ಹಾಕಿದ್ರೆ ಬೀಜ ಬೇಳೆ ಆಗುತ್ತೆ ಅಂತ ಹಿಂದಿನ ದಿನವೇ ನೀರು ಚಿಮುಕಿಸ್ತಾರೆ. ನಾವು ವಾರ ಬೆವರು ಸುರಿಸಿ ತೆಗೆದ ನೀರನ್ನ ಅವರು ಒಂದು ಗಂಟೆಯಲ್ಲಿ ವಾಪಸ್ ತುಂಬಿ, ಚೀಲ ಹೊಲಿದು ಗೋಡೌನಿಗೆ ಒಟ್ಟುತ್ತಾರೆ. ಆಮೇಲೆ "ಯುರೋಪಿನವರು ನಮ್ಮ ಬೀಜ ವಾಪಸ್ ಕಳಿಸಿದ್ರು" ಅಂತ ಪೇಪರಲ್ಲಿ ಬಂದಾಗ ತಪ್ಪು ರೈತಂದು. ತಿನ್ನೋ ಬೀಜಕ್ಕೆ ಅಲ್ಲಿ ಮಿತಿ ಕೆಜಿಗೆ 4 ಮೈಕ್ರೋಗ್ರಾಂ. ವಾಪಸ್ ಬಂದದ್ದು ಸಮುದ್ರಕ್ಕೆ ಹೋಗುತ್ತಾ? ನನಗಂತೂ ಅನುಮಾನ.

ನಮ್ಮ ಮನೆಯೊಳಗಿನದ್ದೂ ಹೇಳ್ಬೇಕು. ಆರಿಸಿದ ಒಳ್ಳೇ ಬೀಜ ಮಾರ್ತೀವಿ. ಜೊಳ್ಳು, ಸುಕ್ಕು, ಬಣ್ಣ ಕೆಟ್ಟದ್ದು, ಒಡೆದದ್ದು ಮರದಲ್ಲಿ ಉಳೀತದಲ್ಲ, ಅದನ್ನ ಹೆಂಗಸರು ಡಬ್ಬಕ್ಕೆ ತುಂಬಿ ಇಡ್ತಾರೆ, ಚಟ್ನಿಗೆ ಆಗುತ್ತೆ ಅಂತ. ವಿಷ ಎಲ್ಲಾ ಬೀಜದಲ್ಲೂ ಸಮನಾಗಿ ಇರಲ್ಲ, ಕೆಲವೇ ಬೀಜದಲ್ಲಿ ವಿಪರೀತ ಇರುತ್ತೆ. ಆ ಕೆಲವು ಹೆಚ್ಚಾಗಿ ಇರೋದು ಈ ಆರಿಸಿ ತೆಗೆದ ಗುಂಪಿನಲ್ಲೇ. ಒಳ್ಳೇದನ್ನ ಪೇಟೆಗೆ ಕಳಿಸಿ ವಿಷನ ನಮ್ಮ ಮಕ್ಕಳ ತಟ್ಟೆಗೆ ಬಡಿಸ್ತೀವಿ. ಬೀಜ ತಿನ್ನುವಾಗ ಒಂದು ಕಹಿ ಸಿಕ್ಕಿದ್ರೆ ಥೂ ಅಂತ ಉಗಿತೀವಲ್ಲ, ಚಟ್ನಿಯಲ್ಲಿ ಬೆಳ್ಳುಳ್ಳಿ, ಖಾರ, ಹುಣಸೆಹುಳಿ ಸೇರಿದ್ಮೇಲೆ ಆ ಕಹಿ ನಾಲಿಗೆಗೆ ಸಿಗಲ್ಲ. ನಮ್ಮ ಮನೆಯಲ್ಲಿ ಈಗ ಆ ಮರದಲ್ಲಿ ಉಳಿದದ್ದು ತಿಪ್ಪೆಗೆ. ಮೊದಲ ವರ್ಷ ನನ್ನ ಹೆಂಡತಿ ಮೂರು ದಿನ ಮಾತು ಬಿಟ್ಟಿದ್ಲು.

ಹೊಲದಲ್ಲೇ ಶುರುವಾಗೋದೂ ಉಂಟು. ಕಾಯಿ ಬಲಿಯೋ ಕೊನೇ ಮೂರ್ನಾಲ್ಕು ವಾರ ಮಳೆ ಕೈಕೊಟ್ಟು ಭೂಮಿ ಕಾದ್ರೆ ಬೀಜ ಸೋತು ಹೋಗುತ್ತೆ, ಬೂಸ್ಟು ಮಣ್ಣಿನಿಂದಲೇ ಒಳಗೆ ಹೋಗುತ್ತೆ. ಗೆದ್ದಲು ಕೆರೆದ ಕಾಯಿ, ಕುಂಟೆ ತಾಗಿ ಸೀಳಿದ ಕಾಯಿ ಅದಕ್ಕೆ ತೆರೆದ ಬಾಗಿಲು. ಬೋರಲ್ಲಿ ನೀರಿರೋರು ಆ ಹೊತ್ತಲ್ಲಿ ಒಂದು ನೀರು ಕೊಟ್ರೆ ದೊಡ್ಡ ಉಪಕಾರ. ನನ್ನಂಥ ಮಳೆ ನಂಬಿದೋನು ಏನೂ ಮಾಡೋಕಾಗಲ್ಲ, ಒಪ್ತೀನಿ. ಆದ್ರೆ ಬಲಿತ ಮೇಲೂ ಮಳೆ ಬರಲಿ, ನೆಲ ಮೆತ್ತಗಾಗಲಿ ಅಂತ ಹದಿನೈದು ದಿನ ಬಿಡೋದು, ಗಾಯದ ಕಾಯಿನ ಒಳ್ಳೇ ಕಾಯಿ ಜೊತೆ ಕಲಸೋದು ನಮ್ಮ ಕೈಲಿರೋ ತಪ್ಪು.

ನಾನೀಗ ಮಾಡೋದು ಇಷ್ಟೇ. ಕಿತ್ತ ಗಿಡನ ಸಾಲಿನಲ್ಲೇ ತಲೆಕೆಳಗೆ ಮಾಡಿ ಇಡ್ತೀನಿ, ಸೊಪ್ಪು ಕೆಳಗೆ, ಕಾಯಿ ಮೇಲೆ ಬಿಸಿಲಿಗೆ. ಎರಡು ಮೂರು ದಿನ ಆದ್ಮೇಲೇ ಕಾಯಿ ಬಿಡಿಸೋದು. ಕಣದಲ್ಲಿ ಬೆರಳುದ್ದ ದಪ್ಪಕ್ಕಿಂತ ಜಾಸ್ತಿ ಹರವಲ್ಲ, ದಿನಕ್ಕೆ ಮೂರ್ನಾಲ್ಕು ಸಲ ಕಾಲಲ್ಲಿ ತಿರುವ್ತೀನಿ. ಮೋಡ ಕಂಡ್ರೆ ಗಳ ನೆಟ್ಟು ಟಾರ್ಪಾಲು ಚಪ್ಪರದ ಹಾಗೆ ಎತ್ತರಕ್ಕೆ ಕಟ್ತೀನಿ, ಪಕ್ಕದಿಂದ ಗಾಳಿ ಆಡಬೇಕು, ಕಾಯಿಗೆ ತಾಗಬಾರದು. ಅಲ್ಲಾಡಿಸಿದ್ರೆ ಬೀಜ ಗಲಗಲ ಅನ್ನೋವರೆಗೆ, ಬೀಜ ಉಜ್ಜಿದ್ರೆ ಮೇಲಿನ ಕೆಂಪು ಸಿಪ್ಪೆ ಉದುರೋವರೆಗೆ ಬಿಡಲ್ಲ. ಯೂರಿಯಾ ಚೀಲ ಬಿಟ್ಟೆ, ಗೋಣಿಚೀಲವೇ. ಕೆಳಗೆ ಹಲಗೆ, ಗೋಡೆಯಿಂದ ಒಂದು ಮೊಳ ದೂರ.

ಟೀ ಅಂಗಡಿ ಮುಂದೆ ಸಿಕ್ಕಿದವರಿಗೆ ಒಂದು ಮಾತು. ಅಣ್ಣ, ಆ ಹತ್ತು ಚೀಲ ಬಿಸಾಕು ಅನ್ನೋದು ನನಗೆ ಸುಲಭ, ನಿಮಗೆ ಕಷ್ಟ, ಗೊತ್ತು. ಮೊದಲು ಬೂಸ್ಟು ಕಂಡದ್ದು, ಸೀಳಿದ್ದು, ಗೆದ್ದಲು ತಿಂದದ್ದು ಎಲ್ಲಾ ಬೇರೆ ಮಾಡಿ, ಆ ಪಾಲು ಗಾಣಕ್ಕೂ ಬೇಡ, ಬಾನಿಗೂ ಬೇಡ, ಗೊಬ್ಬರದ ಗುಂಡಿಗೆ ಹಾಕಿ. ಹಿಂಡಿ ಈಗಾಗಲೇ ಶುರು ಮಾಡಿದ್ರೆ ಇವತ್ತೇ ನಿಲ್ಲಿಸಿ.

ನನ್ನ ಕೊಯ್ಲು ಮುಗೀತು. ಎರಡು ಟಾರ್ಪಾಲು, ಎಂಟು ಗಳ ಕೊಟ್ಟಿಗೆಯಲ್ಲಿ ಸುಮ್ನೆ ಬಿದ್ದಿವೆ. ಸ್ವಾತಿ ಮಳೆಗೆ ಮುಂಚೆ ಕೀಳೋರು ಯಾರಾದ್ರೂ ಬಂದು ತಗೊಂಡು ಹೋಗಿ. ಗಳ ಎಣಿಸಿ ಕೊಡ್ತೀನಿ, ಎಣಿಸಿಯೇ ವಾಪಸ್ ತರಬೇಕು.