ಮುದಿ ಕುದುರೆಯ ಬಾಯಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಇನ್ನೂ ಮನೆಯಲ್ಲಿ ಕುದುರೆ ಕಟ್ಟಿರುವ ಗೌಡರಲ್ಲಿಯೂ ಜಮೀನುದಾರರಲ್ಲಿಯೂ ನನ್ನದೊಂದು ವಿಜ್ಞಾಪನೆಯುಂಟು. ಮುದಿ ಕುದುರೆಯು ಬಡವಾದರೆ, ವಯಸ್ಸಾಯಿತೆಂದು ಕೈಬಿಡುವ ಮೊದಲು ಅದರ ಬಾಯಿಯನ್ನು ನೋಡಿಸತಕ್ಕದ್ದು.

ಕುದುರೆಯ ಹಲ್ಲು ವರ್ಷಕ್ಕೆ 2-3 ಮಿಲಿಮೀಟರಿನಷ್ಟು ಒಸಡಿನಿಂದ ಮೇಲೇರುತ್ತ, ಸುಮಾರು ಅಷ್ಟೇ ಸವೆಯುತ್ತ ಇರುತ್ತದೆ. ಮೇಲಿನ ದವಡೆಯು ಕೆಳಗಿನದಕ್ಕಿಂತ ಅಗಲವಾದುದರಿಂದ ಸವೆತವು ಸಮನಾಗದೆ, ಮೇಲಿನ ಹಲ್ಲುಗಳ ಹೊರ ಅಂಚು ಗಲ್ಲವನ್ನೂ ಕೆಳಗಿನವುಗಳ ಒಳ ಅಂಚು ನಾಲಗೆಯನ್ನೂ ಕೊಯ್ಯುವವು. ಆಗ ಕುದುರೆಯು ಮೇವನ್ನು ಅರ್ಧ ಅಗಿದು ಉಂಡೆಯಾಗಿ ಉಗುಳುವುದು, ಲದ್ದಿಯಲ್ಲಿ ಇಡೀ ಕಾಳುಗಳು ಕಾಣುವವು, ಬಾಯಿ ನಾರುವುದು. ಇಂಥದಕ್ಕೆ ಹುರುಳಿಯ ಪಾಲು ಹೆಚ್ಚಿಸಿದರೆ ಫಲವಿಲ್ಲ. ಕಾಯಿಸಿದ ಕಬ್ಬಿಣದಿಂದ ಅಂಗುಳವನ್ನು ಸುಡುವ ಹಳೆಯ ಪದ್ಧತಿಯಂತೂ ನಿಷ್ಪ್ರಯೋಜಕವೂ ಕ್ರೂರವೂ ಆದದ್ದು.

ವರ್ಷಕ್ಕೊಮ್ಮೆ, ಮುದಿತನದಲ್ಲಿ ಆರು ತಿಂಗಳಿಗೊಮ್ಮೆ, ಪಶುವೈದ್ಯರಿಂದ ಹಲ್ಲುಗಳನ್ನು ಪರೀಕ್ಷಿಸಿ, ಹರಿತವಾದ ಅಂಚುಗಳನ್ನು ಅರದಿಂದ ನಯಗೊಳಿಸತಕ್ಕದ್ದು. ಇದನ್ನು ಅರಿಯದವರ ಕೈಗೆ ಒಪ್ಪಿಸಕೂಡದು. ಅತಿಯಾಗಿ ಉಜ್ಜಿದ ಹಲ್ಲು ಮೊದಲಿನಂತೆ ಆಗಲಾರದು. 20 ವರ್ಷ ದಾಟಿದ ಕುದುರೆಯ ಹಲ್ಲು ಬೇರಿನವರೆಗೂ ಸವೆದಿರಬಹುದು. ಅಲ್ಲಿ ಅರದಿಂದ ಆಗದ ಕೆಲಸವನ್ನು ಆಹಾರದಿಂದಲೇ ಮಾಡಬೇಕು. ಮೇವನ್ನು ಸಣ್ಣಗೆ ಕತ್ತರಿಸಿ ನೆನೆಯಿಸಿರಿ. ಕಾಳನ್ನು ಬೇಯಿಸಿ ಮಿದ್ದು, ಗಂಜಿಯಷ್ಟು ಮೆತ್ತಗೆ ಮಾಡಿ, ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪವಾಗಿ ಕೊಡಿರಿ. ಒಣ ಮೇವು ಗಂಟಲಲ್ಲಿ ಸಿಕ್ಕುವ ಅಪಾಯವೂ ಇದರಿಂದ ಕಡಿಮೆಯಾಗುವುದು.

ಬೆನ್ನ ಮೇಲೆ ಹೊತ್ತು ಊರೂರು ತಿರುಗಿಸಿದ ಪ್ರಾಣಿಯು ತುಂಬಿದ ಗೋದಲೆಯ ಮುಂದೆ ಹಸಿದು ಸಾಯುವುದು ಒಡೆಯನಿಗೆ ಶೋಭೆಯಲ್ಲ.