ಎಲೆಮರೆಯ ಕಾಯಿ ಎಂಬ ಬೈಗುಳ

ನಮ್ಮ ಸನ್ಮಾನ ಸಭೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಇವರು ಎಲೆಮರೆಯ ಕಾಯಿಯಂತೆ ದುಡಿದವರು.’ ಭಾಷಣಕಾರರು ಇಷ್ಟು ಹೇಳಿ ಒಂದು ಕ್ಷಣ ನಿಲ್ಲುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಸನ್ಮಾನಿತರು ಶಾಲನ್ನು ಸರಿಪಡಿಸಿಕೊಂಡು ತಲೆ ತಗ್ಗಿಸುತ್ತಾರೆ. ಕಾಯಿ ತಾನಾಗಿಯೇ ಹೋಗಿ ಎಲೆಯ ಹಿಂದೆ ಕುಳಿತುಕೊಂಡಿತೆ, ಇಲ್ಲವೆ ಯಾರೋ ಎಲೆಯನ್ನು ತಂದು ಅದರ ಮುಂದೆ ಹಿಡಿದರೆ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ವಿಚಾರಿಸಿದರೆ ಮಂಗಳಕಾರ್ಯದಲ್ಲಿ ಸೀನಿದಂತಾಗುತ್ತದೆ. ನನ್ನ ಮಟ್ಟಿಗಂತೂ ಈ ಹೊಗಳಿಕೆ ಕನ್ನಡದ ಅತ್ಯಂತ ನಯವಾದ ಬೈಗುಳಗಳಲ್ಲಿ ಒಂದು. ಇದನ್ನು ಸಾಧಿಸಲು ಓಲೆಗರಿಗಳ ಲಿಪಿಕಾರರನ್ನೋ ಅಚ್ಚುಮನೆಯಲ್ಲಿ ಕರಡು ತಿದ್ದಿ ಕಣ್ಣು ಕಳೆದುಕೊಂಡವರನ್ನೋ ಸಾಕ್ಷಿಗೆ ಕರೆಯಬಹುದಾಗಿತ್ತು. ಕನ್ನಡ ಮೇಷ್ಟರಿಗೆ ಅದು ಭೂಷಣವೂ ಹೌದು. ಆದರೆ ನಾನು ಕರೆಯುವ ಸಾಕ್ಷಿ ಬೇರೆ: ಬಾಸ್ ಗಿಟಾರು ನುಡಿಸುವವನು.

ಪಂಪ ರನ್ನರನ್ನು ಪಾಠ ಹೇಳುವವನಿಗೆ ಇದೆಂಥ ಗೀಳು ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ನಾನು ಎಂ.ಎ. ಓದುವಾಗಲೂ, ಆಮೇಲೆ ಕೆಲಸ ಸಿಕ್ಕುವತನಕವೂ, ಒಟ್ಟು ಏಳು ವರ್ಷ ಈ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಗಣೇಶನ ಚಪ್ಪರಗಳಲ್ಲೂ ರಾಜ್ಯೋತ್ಸವದ ವೇದಿಕೆಗಳಲ್ಲೂ ನಿಂತವನು. ನಿಲ್ಲುವ ಜಾಗ ಡ್ರಮ್ಮಿನ ಪಕ್ಕ, ದೀಪದ ಬೆಳಕು ಮುಗಿಯುವಲ್ಲಿ. ಒಬ್ಬ ಸಂಘಟಕರು ನನ್ನ ವಾದ್ಯವನ್ನು ಕೂಲಂಕಷವಾಗಿ ನೋಡಿ, ‘ಬೇರೆ ಗಿಟಾರಿಗೆ ಆರು ತಂತಿ, ನಿಮ್ಮದಕ್ಕೆ ನಾಲ್ಕೇ, ಹಣವನ್ನೂ ಅದೇ ಲೆಕ್ಕದಲ್ಲಿ ಕೊಡೋಣವೆ?’ ಎಂದರು. ವಿನೋದವೆಂದು ನಾನೂ ನಕ್ಕೆ. ರಾತ್ರಿ ಲಕೋಟೆ ಬಿಚ್ಚಿ ಎಣಿಸಿದಾಗ ಅದು ವಿನೋದವಾಗಿರಲಿಲ್ಲವೆಂದು ತಿಳಿಯಿತು.

ವಾದ್ಯದ ಜನ್ಮವೃತ್ತಾಂತವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಳೆತ್ತರದ ಡಬಲ್ ಬಾಸನ್ನು ಹೊತ್ತು ತಿರುಗುವುದು ಪಾಶ್ಚಾತ್ಯ ವಾದಕರಿಗೆ ಒಂದು ಶಿಕ್ಷೆಯಾಗಿತ್ತು. ಅದನ್ನು ಕಾರಿನೊಳಗೆ ಕೂರಿಸಿದರೆ ವಾದಕನಿಗೆ ಜಾಗವಿಲ್ಲ. ಸಿಯಾಟಲಿನ ಪಾಲ್ ಟಟ್ಮಾರ್ಕ್ ಎಂಬಾತ ೧೯೩೦ರ ದಶಕದಲ್ಲೇ ಅಡ್ಡ ಹಿಡಿದು ನುಡಿಸಬಹುದಾದ ವಿದ್ಯುತ್ ಬಾಸನ್ನು ಮಾಡಿದ್ದ; ಲೋಕ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ೧೯೫೧ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಂದದ್ದು ಊರೂರಿಗೆ ಹರಡಿತು. ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ತಪ್ಪುವ ಹಾಗಿರಲಿಲ್ಲ; ಅದಕ್ಕೇ ‘ಪ್ರಿಸಿಷನ್’ ಎಂದು ಹೆಸರು. ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು, ಗಿಟಾರು ನುಡಿಸಲು ಬಾರದು. ಅದರ ದಪ್ಪ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಕಿವಿಗಿಂತ ಎದೆಗೂಡಿಗೆ ಅದು ಮೊದಲು ತಿಳಿಯುತ್ತದೆ.

ಇನ್ನು ಹಾಸ್ಯ. ಬಾಸ್ ನುಡಿಸುವವರ ಮೇಲೆ ಇರುವಷ್ಟು ಚಟಾಕಿಗಳು ಬಹುಶಃ ಅತ್ತೆಯಂದಿರ ಮೇಲೂ ಇರಲಾರವು. ಹುಡುಗನೊಬ್ಬ ಬಾಸ್ ಕಲಿಯಲು ಹೋದ. ಮೊದಲ ವಾರ ಒಂದು ತಂತಿಯ ಸ್ವರಗಳನ್ನು ಕಲಿತ. ಎರಡನೆಯ ವಾರ ಮತ್ತೊಂದು ತಂತಿಯದನ್ನು. ಮೂರನೆಯ ವಾರ ಪಾಠಕ್ಕೆ ಚಕ್ಕರ್. ತಂದೆ ಗದರಿಸಿದರೆ, ‘ಇವತ್ತು ನನ್ನ ಕಚೇರಿಯಿತ್ತು’ ಎಂದನಂತೆ. ಇನ್ನೊಂದು: ದೀಪದ ಬಲ್ಬು ಬದಲಾಯಿಸಲು ಎಷ್ಟು ಮಂದಿ ಬಾಸಿನವರು ಬೇಕು? ಒಬ್ಬರೂ ಬೇಡ, ಕೀಬೋರ್ಡಿನವನು ಎಡಗೈಯಲ್ಲೇ ಮಾಡಿ ಮುಗಿಸುತ್ತಾನೆ. ಮತ್ತೊಂದು ಬಹಳ ಹಳೆಯದು. ಕಾಡಿನಲ್ಲಿ ಹಗಲಿರುಳೂ ನಗಾರಿಯ ಸದ್ದು. ದಾರಿ ತೋರಿಸುವವನು, ‘ನಗಾರಿ ನಿಂತರೆ ಅನಾಹುತ’ ಎಂದು ನಡುಗುತ್ತಾನೆ. ನಗಾರಿ ನಿಲ್ಲುತ್ತದೆ. ಏನಾಗುತ್ತದಪ್ಪ ಈಗ ಎಂದರೆ, ‘ಇನ್ನು ಬಾಸಿನವನ ತನಿ ಶುರು!’

ಈ ಚಟಾಕಿಗಳನ್ನು ಬಲು ಹುಮ್ಮಸ್ಸಿನಿಂದ ಹೇಳುವವರು ಬಾಸಿನವರೇ. ನನಗೂ ಮೊದಲು ಹೇಳಿದವನು ಒಬ್ಬ ಬಾಸಿನವನು. ಹೇಳಿ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಕುಲದ ಮೇಲೆ ತಾನೇ ನಗುವುದು ಬಲ್ಲವರ ಲಕ್ಷಣ; ಆ ನಗೆಯೊಡನೆ ನನಗೆ ಜಗಳವಿಲ್ಲ. ನನ್ನ ಜಗಳ ನಗೆ ಮುಗಿದ ಮೇಲೆ ಬರುವ ಗಾಂಭೀರ್ಯದೊಡನೆ. ‘ಪಾಪ, ಅವನು ವಿನಯವಂತ, ಹೆಸರು ಬೇಡವೆನ್ನುವವನು, ನಮ್ಮಲ್ಲಿ ತಂಬೂರಿಯಿದ್ದ ಹಾಗೆ’ ಎಂದು ಕೆಲವರು ಕಣ್ಣು ಅರೆಮುಚ್ಚಿ ಹೇಳುತ್ತಾರಲ್ಲ, ಅದು.

ಮೊದಲು ಆ ತಂಬೂರಿಯ ಉಪಮೆಯನ್ನು ನೋಡಿ. ತಂಬೂರಿ ಇದ್ದಲ್ಲೇ ಇರುತ್ತದೆ. ಅದರ ಮಹತ್ತ್ವವೇ ಅದು. ಬಾಸ್ ಇದ್ದಲ್ಲಿ ಇರುವುದಿಲ್ಲ. ಗಾಯಕಿ ಮೇಲಿನ ಷಡ್ಜವನ್ನು ಹಿಡಿದು ನಿಂತಿದ್ದಾಳೆನ್ನಿ. ಕೆಳಗೆ ಬಾಸೂ ಷಡ್ಜವನ್ನೇ ನುಡಿದರೆ ಮನೆ ಸೇರಿದ ನೆಮ್ಮದಿ. ಬಾಸಿನವನು ಒಂದು ಬೆರಳು ಸರಿಸಿ ಶುದ್ಧ ಮಧ್ಯಮಕ್ಕೆ ಹೋದನೋ, ಅದೇ ಷಡ್ಜ ಆತನ ಸ್ವರಕ್ಕೆ ಪಂಚಮವಾಗಿ ಕೇಳುತ್ತದೆ, ಒಂದು ಬಾಗಿಲು ತೆರೆದಂತೆ. ಚತುಶ್ರುತಿ ಧೈವತಕ್ಕೆ ಇಳಿದನೋ, ಅದೇ ಷಡ್ಜ ಸಾಧಾರಣ ಗಾಂಧಾರವಾಗಿ ಅದರ ಮೇಲೆ ವಿಷಾದದ ನೆರಳು ಬೀಳುತ್ತದೆ. ಗ್ರಹಭೇದ ಬಲ್ಲವರಿಗೆ ಇದರ ಗುಟ್ಟು ಹೊಸದಲ್ಲ. ಗಾಯಕಿ ಕೂದಲೆಳೆಯಷ್ಟೂ ಕದಲಿಲ್ಲ; ಕೇಳುಗರು ಮಾತ್ರ ‘ಆಹಾ, ಎಂಥ ಭಾವ ತುಂಬಿದಳು!’ ಎನ್ನುತ್ತಾರೆ. ಹಾಡಿನ ಅರ್ಥವನ್ನು ತಿರುಗಿಸುವವನನ್ನು ಸುಮ್ಮನೆ ಶ್ರುತಿ ಹಿಡಿಯುವವನು ಎನ್ನುವುದು ಹೊಗಳಿಕೆಯ ವೇಷದಲ್ಲಿರುವ ಅಜ್ಞಾನ. ಇನ್ನೊಂದು ಸೋಜಿಗವೂ ಉಂಟು. ಅಂಗೈಯಗಲದ ಮೊಬೈಲಿನ ಧ್ವನಿಪೆಟ್ಟಿಗೆ ಅಷ್ಟು ಕೆಳಗಿನ ಸ್ವರವನ್ನು ಹೊರಡಿಸಲಾರದು. ಅದರ ಮೇಲಿನ ಉಪಸ್ವರಗಳಿಂದ ಮೂಲಸ್ವರವನ್ನು ನಮ್ಮ ಕಿವಿಯೇ ಕಟ್ಟಿಕೊಳ್ಳುತ್ತದೆ. ಇಲ್ಲದ ಬಾಸನ್ನು ಕಿವಿ ತಾನಾಗಿ ತುಂಬಿಕೊಳ್ಳುತ್ತದೆ, ಇರುವ ಬಾಸಿನವನ ಹೆಸರನ್ನು ಅಚ್ಚು ಹಾಕಿಸಲು ಮಾತ್ರ ಲೋಕಕ್ಕೆ ಕೈ ಬರುವುದಿಲ್ಲ.

ಜೇಮ್ಸ್ ಜೇಮರ್ಸನ್ ಎಂಬುವನ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ದಕ್ಷಿಣ ಕ್ಯಾರೊಲೈನದ ಕಪ್ಪು ಹುಡುಗ, ೧೯೩೬ರಲ್ಲಿ ಹುಟ್ಟಿದವನು. ಹದಿಹರೆಯದಲ್ಲಿ ತಾಯಿಯೊಡನೆ ಡೆಟ್ರಾಯಿಟಿಗೆ ಬಂದ. ಶಾಲೆಯಲ್ಲಿ ಡಬಲ್ ಬಾಸ್ ಹಿಡಿದ. ಆ ಊರಿನ ಒಂದು ಸಾಧಾರಣ ಮನೆಯಲ್ಲಿ ಬೆರಿ ಗಾರ್ಡಿ ೧೯೫೯ರಲ್ಲಿ ತೆರೆದ ಮೋಟೌನ್ ಸಂಸ್ಥೆಯ ಸ್ಟೂಡಿಯೋದಲ್ಲಿ ಸುಮಾರು ಒಂದು ದಶಕಕ್ಕೂ ಮೀರಿ ದುಡಿದ. ಬಲಗೈಯ ತೋರುಬೆರಳು ಒಂದೇ; ಅದನ್ನು ‘ಕೊಕ್ಕೆ’ ಎಂದು ಜೊತೆಯವರು ಕರೆಯುತ್ತಿದ್ದರು. ತಂತಿ ಹಳೆಯದಾದಷ್ಟೂ ನಾದ ಒಳ್ಳೆಯದೆಂದು ನಂಬಿ ಅದು ಕಡಿಯುವತನಕ ಬದಲಿಸುತ್ತಿರಲಿಲ್ಲ. ನಮ್ಮ ಅಡಿಗೆಯವರು ಹಳೆಯ ಬಾಣಲೆಯನ್ನು ಬಿಡದ ಹಾಗೆ. ‘ಮೈ ಗರ್ಲ್’ ಹಾಡನ್ನು ನೀವು ಕೇಳಿರಬಹುದು. ಅದರ ಬಾಗಿಲಲ್ಲೇ ಆತನ ಬೆರಳು ನಿಂತಿದೆ. ಅಂಥ ಹಾಡುಗಳು ಒಂದೆರಡಲ್ಲ, ಅಮೆರಿಕೆಯ ಮನೆಮನೆಗೆ ಹೋದವು. ತಟ್ಟೆಗಳ ಹೊದಿಕೆಯ ಮೇಲೆ ಹಾಡಿದವರ ಚಿತ್ರವಿತ್ತು, ಸಂಸ್ಥೆಯ ಮುದ್ರೆಯಿತ್ತು. ನುಡಿಸಿದವರ ಹೆಸರು ಇರಲಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇ ತನ್ನ ‘ವಾಟ್ಸ್ ಗೋಯಿಂಗ್ ಆನ್’ ತಟ್ಟೆಯಲ್ಲಿ ವಾದಕರ ಹೆಸರುಗಳನ್ನು ಹಾಕಿಸಿದ. ಜೇಮರ್ಸನ್ ಹೆಸರಿನ ಹಿಂದೆ ‘ಅಸದೃಶ’ ಎಂಬರ್ಥದ ಒಂದು ವಿಶೇಷಣವನ್ನೂ ಸೇರಿಸಿದ. ಮರುವರ್ಷವೇ ಸಂಸ್ಥೆ ಲಾಸ್ ಏಂಜಲೀಸಿಗೆ ಎದ್ದುಹೋಯಿತು. ಹಿಂಬಾಲಿಸಿ ಹೋದವನಿಗೆ ಅಲ್ಲಿ ಕೆಲಸ ಕಡಿಮೆಯಾಗುತ್ತ ಬಂತು, ಕುಡಿತ ಹೆಚ್ಚುತ್ತ ಬಂತು. ೧೯೮೩ರ ಮಾರ್ಚಿಯಲ್ಲಿ ಪ್ಯಾಸಡೀನಾದಲ್ಲಿ ಮೋಟೌನಿನ ಇಪ್ಪತ್ತೈದರ ಉತ್ಸವ ನಡೆದಾಗ ಆತ ಟಿಕೆಟ್ಟು ಕೊಂಡು ಮೇಲಿನ ಸಾಲಿನಲ್ಲಿ ಕುಳಿತು ನೋಡಿದನೆಂದು ಆತನ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಆ ಆಗಸ್ಟಿನಲ್ಲೇ ತೀರಿಕೊಂಡ, ನಲವತ್ತೇಳು ವರ್ಷ. ಅದಕ್ಕೆ ಸ್ವಲ್ಪ ಮುಂಚೆ ಆತನ ೧೯೬೨ರ ವಾದ್ಯವನ್ನೂ ಕಳ್ಳರು ಹೊತ್ತಿದ್ದರು. ೨೦೦೦ದಲ್ಲಿ ರಾಕ್ ಸಂಗೀತದ ಕೀರ್ತಿಮಂದಿರದವರು ‘ಪಕ್ಕವಾದ್ಯದವರು’ ಎಂಬ ಹೊಸ ಪಂಕ್ತಿಯೊಂದನ್ನು ತೆರೆದು ಆತನನ್ನು ಕೂರಿಸಿದರು. ಸತ್ತ ಮೇಲೂ ಪಂಕ್ತಿ ಬೇರೆ!

ಇದರಲ್ಲಿ ವಿನಯವೆಲ್ಲಿದೆ ಎಂದು ನಾನು ಕೇಳುತ್ತೇನೆ. ಟಿಕೆಟ್ಟು ಕೊಂಡು ಮೇಲೆ ಕುಳಿತವನಿಗೆ ಕೆಳಗೆ ಕೂರುವ ಆಸೆ ಇರಲಿಲ್ಲವೆಂದು ಎದೆ ಮುಟ್ಟಿ ಹೇಳುವವರು ಯಾರು?

ಕೆಲವೊಮ್ಮೆ ಮರೆಮಾಡುವ ಎಲೆ ಕಣ್ಣಿಗೆ ಕಾಣುವಂತೆಯೇ ಬಂದು ನಿಲ್ಲುತ್ತದೆ. ಮೆಟಾಲಿಕಾ ತಂಡದ ಬಾಸಿನವನು ಕ್ಲಿಫ್ ಬರ್ಟನ್ ೧೯೮೬ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಸತ್ತ. ಆ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ೧೯೮೮ರ ತಟ್ಟೆಯಲ್ಲಿ ಉದ್ದಕ್ಕೂ ನುಡಿಸಿದ. ಹೊರಬಂದಾಗ ಆತನ ಬಾಸ್ ಕೇಳಿಸುವುದೇ ಇಲ್ಲವೆನ್ನುವಷ್ಟು ತಗ್ಗಿತ್ತು. ತಂಡದವರ ಇಚ್ಛೆಯಂತೆಯೇ ಹಾಗೆ ಮಾಡಿದೆವೆಂದು ಧ್ವನಿಮಿಶ್ರಣದವರು ಅನಂತರ ಹೇಳಿದ್ದಾರೆ. ಆ ತಟ್ಟೆಗೆ ‘ಎಲ್ಲರಿಗೂ ನ್ಯಾಯ’ ಎಂಬರ್ಥದ ಹೆಸರು! ಇಷ್ಟು ಸೊಗಸಾದ ಚಟಾಕಿಯನ್ನು ಯಾವ ಬಾಸಿನವನೂ ಹೊಸೆದಿರಲಾರ.

ಇಲ್ಲಿ ವ್ಯವಹಾರಜ್ಞರು ಎದ್ದು ನಿಲ್ಲುತ್ತಾರೆ: ‘ಕೂಲಿ ಮಾತಾಡಿದ್ದರು, ಕೂಲಿ ತೆಗೆದುಕೊಂಡರು, ಹೆಸರಿನ ಮಾತೇಕೆ?’ ಸರಿ, ಕೂಲಿಯನ್ನೇ ನೋಡೋಣ. ೧೯೭೨ರಲ್ಲಿ ಲಂಡನ್ನಿನಲ್ಲಿ ಲೂ ರೀಡ್ ಒಂದು ಹಾಡನ್ನು ಮುದ್ರಿಸಿದ. ಹೆಸರು ‘ವಾಕ್ ಆನ್ ದ ವೈಲ್ಡ್ ಸೈಡ್’. ಹರ್ಬಿ ಫ್ಲವರ್ಸ್ ಎಂಬ ವಾದಕ ಮೊದಲು ಡಬಲ್ ಬಾಸಿನಲ್ಲಿ ಒಂದು ಜಾರುನುಡಿಯನ್ನು ನುಡಿಸಿ, ಅದರ ಮೇಲೆ ಬಾಸ್ ಗಿಟಾರಿನಲ್ಲಿ ಇನ್ನೊಂದನ್ನು ಕೂಡಿಸಿದ. ಎರಡು ವಾದ್ಯಕ್ಕೆ ಇಮ್ಮಡಿ ಸಂಭಾವನೆ, ಅದಕ್ಕೇ ಹಾಗೆ ಮಾಡಿದೆ ಎಂದು ಆತ ನಗುತ್ತ ಹೇಳುತ್ತಿದ್ದ. ದೊರೆತದ್ದು ೧೭ ಪೌಂಡು. ಆ ಹಾಡು ಯಾರಿಗಾದರೂ ನೆನಪಾದರೆ ಮೊದಲು ನೆನಪಾಗುವುದು ಆ ಎರಡು ಜಾರುಸ್ವರ. ೧೯೯೦ರಲ್ಲಿ ಮತ್ತೊಂದು ತಂಡ ಅವನ್ನು ಹಾಗೆಯೇ ಎತ್ತಿ ತನ್ನ ಹಾಡಿಗೆ ಅಡಿಪಾಯ ಮಾಡಿಕೊಂಡಾಗ ಹಕ್ಕಿನ ಹಣ ಹೋದದ್ದು ಹಾಡಿನ ಕರ್ತೃವಿಗೆ. ಕೂಲಿಯ ನ್ಯಾಯ ಇಷ್ಟು ದೂರ ನಡೆಯುತ್ತದೆ, ಅದೂ ಒಂದೇ ದಿಕ್ಕಿಗೆ.

ನಮ್ಮ ದೇಶದ ಕಾಯಿದೆಯನ್ನೂ ಒಮ್ಮೆ ತೆರೆದು ನೋಡಬೇಕು. ಕೃತಿಸ್ವಾಮ್ಯದ ಕಾಯಿದೆಗೆ ೨೦೧೨ರಲ್ಲಿ ಬಂದ ತಿದ್ದುಪಡಿ ಕಲಾವಿದರಿಗೆ ಒಳ್ಳೆಯದನ್ನು ಬಹಳ ಮಾಡಿತು, ನಿಜ. ಆದರೆ ‘ಪ್ರದರ್ಶಕ’ ಎಂಬ ಪದದ ವ್ಯಾಖ್ಯೆಗೆ ಒಂದು ಬಾಲ ಅಂಟಿಕೊಂಡಿತು. ಚಲನಚಿತ್ರದಲ್ಲಿ ಯಾರ ಕೆಲಸ ಪ್ರಾಸಂಗಿಕವೋ, ಮತ್ತು ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಹೆಸರುಪಟ್ಟಿಯಲ್ಲಿಯೂ ಕಾಣಿಸುವುದಿಲ್ಲವೋ, ಅಂಥವರು ಪ್ರದರ್ಶಕರಲ್ಲ. ತಮ್ಮ ಕೆಲಸವನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೊಂದು ಮಾತ್ರ ಅವರಿಗುಂಟು. ಬಾಸಿನವನ ಕೆಲಸ ಪ್ರಾಸಂಗಿಕವಲ್ಲವೆಂದು ವಕೀಲರು ವಾದಿಸಬಹುದು, ವಾದಿಸಬೇಕು. ನನ್ನನ್ನು ಕಾಡುವುದು ಆ ವಾಕ್ಯದ ತರ್ಕ. ಹೆಸರು ಹಾಕುವ ರೂಢಿಯಿಲ್ಲ, ಆದ್ದರಿಂದ ಕಲಾವಿದನಲ್ಲ. ಕಲಾವಿದನಲ್ಲ, ಆದ್ದರಿಂದ ಹೆಸರು ಹಾಕಬೇಕಾಗಿಲ್ಲ. ‘ಎಲೆಮರೆಯ ಕಾಯಿ’ ನುಡಿಗಟ್ಟು ಕಾಯಿದೆಯ ಭಾಷೆಗೆ ತಿರುಗಿದರೆ ಹೀಗೆಯೇ ಇರುತ್ತದೆ.

೧೯೮೧ರ ‘ಗೀತಾ’ ಚಿತ್ರದ ‘ಜೊತೆಯಲಿ’ ಹಾಡನ್ನು ನಮ್ಮ ವೃಂದದಲ್ಲಿ ನೂರಾರು ಸಲ ನುಡಿಸಿದ್ದೇನೆ. ಆ ಬಾಸಿನ ನಡೆ ಸರಿಯಾಗಿ ಕೈಗೆ ಬಂದರೆ ಬಾಸಿನವನಿಗೆ ದೀಕ್ಷೆಯಾದಂತೆ ಎಂದು ನಮ್ಮಲ್ಲಿ ಲೆಕ್ಕ. ಸಂಗೀತ ಇಳಯರಾಜ ಅವರದು, ಸಾಹಿತ್ಯ ಚಿ. ಉದಯಶಂಕರ್ ಅವರದು, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಎಂದು ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬಾಸ್ ಯಾರದು ಎಂದು ಕೇಳಿದರೆ, ‘ಅದು ಯಾವುದು?’ ಎನ್ನುತ್ತಾರೆ, ಹಾಗೆನ್ನುತ್ತಲೇ ಕಾಲಿನಲ್ಲಿ ಅದಕ್ಕೇ ತಾಳ ಹಾಕುತ್ತಿರುತ್ತಾರೆ.

ಪಾಲ್ ಮೆಕಾರ್ಟ್ನಿ ಇಲ್ಲವೆ ಎಂದು ಕೇಳುವಿರಿ. ಇದ್ದಾರೆ. ಬೀಟಲ್ಸ್ ತಂಡದ ಬಾಸಿನವನು ೧೯೬೧ರಲ್ಲಿ ಹ್ಯಾಂಬರ್ಗಿನಲ್ಲಿ ಬಿಟ್ಟುಹೋದಾಗ ಉಳಿದವರಿಗೆ ಬೇಡವಾಗಿದ್ದ ವಾದ್ಯ ಅವರ ಕೊರಳಿಗೆ ಬಿತ್ತು. ಪಿಟೀಲಿನ ಆಕಾರದ ಒಂದು ಹಾಫ್ನರ್ ಕೊಂಡರು. ೧೯೭೨ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾದ ಅದು ಸಿಕ್ಕಿತೆಂದು ೨೦೨೪ರಲ್ಲಿ ಲೋಕವೆಲ್ಲ ಸುದ್ದಿಯಾಯಿತು. ಸಂತೋಷ. ಆದರೆ ಅವರನ್ನು ಲೋಕ ಕಂಡದ್ದು ಹಾಡಿದ್ದರಿಂದ, ಬರೆದದ್ದರಿಂದ. ಜೇಮರ್ಸನ್ನನ ವಾದ್ಯವನ್ನು ಹುಡುಕಲು ಹಾಗೆ ಜಗತ್ತು ಹೊರಡಲಿಲ್ಲ.

ಹಾಗಾದರೆ ಬಾಸಿನವರು ಏನು ಮಾಡಬೇಕು? ತೊಂಬತ್ತರ ವಯಸ್ಸಿನಲ್ಲಿ ಕ್ಯಾರಲ್ ಕೇ ಒಂದು ದಾರಿ ತೋರಿಸಿದರು. ಲಾಸ್ ಏಂಜಲೀಸಿನಲ್ಲಿ ಗಿಟಾರು ನುಡಿಸುತ್ತಿದ್ದ ಈಕೆ ೧೯೬೩ರಲ್ಲಿ ಒಂದು ದಿನ ಬಾಸಿನವನು ಬಾರದೆ ಇದ್ದುದರಿಂದ ಬಾಸ್ ಹಿಡಿದು, ಮುಂದೆ ಸಾವಿರಾರು ಮುದ್ರಣಗಳಿಗೆ ಬೆರಳು ಕೊಟ್ಟವರು. ಅದೇ ಕೀರ್ತಿಮಂದಿರ ೨೦೨೫ರಲ್ಲಿ ಅವರನ್ನು ಕರೆಯಿತು. ಬರುವುದಿಲ್ಲವೆಂದರು. ತಾವು ಎಂದೂ ಒಪ್ಪದ ಅಡ್ಡಹೆಸರೊಂದನ್ನು ತಮ್ಮ ಕಾಲದ ಸ್ಟೂಡಿಯೋ ವಾದಕರೆಲ್ಲರಿಗೂ ಅಂಟಿಸಿದ್ದು, ಆ ಗೌರವ ಅವರ ಕೆಲಸವನ್ನು ಪ್ರತಿಬಿಂಬಿಸದಿರುವುದು ಅವರು ಕೊಟ್ಟ ಕಾರಣ. ಶಾಲನ್ನು ಹೀಗೆ ಹಿಂದಕ್ಕೆ ಕೊಡುವವರನ್ನು ನಮ್ಮ ಭಾಷಣಕಾರರು ಯಾವ ಕಾಯಿಗೆ ಹೋಲಿಸುತ್ತಾರೋ ಕೇಳಬೇಕೆಂದು ನನಗೆ ಆಸೆ.

ಗಣೇಶ ಚತುರ್ಥಿಗೆ ಪ್ರತಿವರ್ಷವೂ ಆಮಂತ್ರಣಪತ್ರಗಳು ನನ್ನ ಮೇಜಿಗೆ ಬರುತ್ತವೆ. ಅಧ್ಯಕ್ಷರು, ಉದ್ಘಾಟಕರು, ಘನ ಉಪಸ್ಥಿತಿ, ಧ್ವನಿವರ್ಧಕದ ಕೊಡುಗೆ, ಮಜ್ಜಿಗೆ ಪಾನಕದ ಕೊಡುಗೆ ಎಲ್ಲಕ್ಕೂ ಹೆಸರಿದೆ. ವಾದ್ಯವೃಂದಕ್ಕೆ ‘ಮತ್ತು ಸಂಗಡಿಗರು’ ಎಂದಿರುತ್ತದೆ. ಪಾನಕದ ಸಾಲಿಗೂ ವಂದನಾರ್ಪಣೆಯ ಸಾಲಿಗೂ ನಡುವೆ, ನಾನು ಅಳತೆಪಟ್ಟಿ ಹಿಡಿದು ನೋಡಿದ್ದೇನೆ, ಐದು ಹೆಸರು ಹಿಡಿಸುವಷ್ಟು ಜಾಗವಿದೆ.