ಅಜ್ಜಿಯ ಬಿಗಿ ಸಾಕ್ಸು

ಆರನೇ ತರಗತಿಯ ಓದುಗನೊಬ್ಬ ಪತ್ರ ಬರೆದಿದ್ದಾನೆ: “ನಮ್ಮಜ್ಜಿಗೆ ಕಾಲು ಊದುತ್ತದೆ. ಡಾಕ್ಟರು ಮೊಣಕಾಲವರೆಗಿನ ಬಿಗಿ ಸಾಕ್ಸ್ ಹೇಳಿದ್ದಾರೆ. ಅಜ್ಜಿ ಅದನ್ನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದಾರೆ. ಸಾಕ್ಸ್ ಹಾಕಿದರೆ ಊತ ಹೇಗೆ ಇಳಿಯುತ್ತೆ?”

ಒಳ್ಳೆಯ ಪ್ರಶ್ನೆ, ಮರಿ. ನಮ್ಮ ದೊಡ್ಡಮ್ಮನ ಬೀರುವಿನಲ್ಲೂ ಇಂಥದೊಂದು ಜೊತೆ ವರ್ಷವಿಡೀ ನಿದ್ದೆ ಹೊಡೆದಿತ್ತು. ಅವರು ಮೂವತ್ತೆರಡು ವರ್ಷ ಬೋರ್ಡಿನ ಮುಂದೆ ನಿಂತು ಪಾಠ ಮಾಡಿದ ಟೀಚರು. ಸಂಜೆ ಕಾಲು ಭಾರವೆಂದು ವಾಕಿಂಗ್ ಬಿಟ್ಟರು, ಆಮೇಲೆ ದೇವಸ್ಥಾನವನ್ನೂ ಬಿಟ್ಟರು.

ಪಾದಕ್ಕೆ ಇಳಿದ ರಕ್ತ ಅಭಿಧಮನಿಗಳ ಮೂಲಕ ಮೇಲಕ್ಕೆ ಹತ್ತಿ ಬರಬೇಕಲ್ಲ? ನಾವು ನಡೆದಾಗಲೆಲ್ಲ ಮೀನಖಂಡ ಅವನ್ನು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ಅದು ಮತ್ತೆ ಕೆಳಗೆ ಜಾರದಂತೆ ಪುಟ್ಟ ಕವಾಟಗಳಿವೆ. ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತದೆ. ನರ ಗಂಟುಗಂಟಾಗಿ ಉಬ್ಬುತ್ತದೆ, ಸಂಜೆಗೆ ಪಾದ ಊದುತ್ತದೆ.

ಈಗ ಒಂದು ಪ್ರಯೋಗ. ಪ್ಲಾಸ್ಟಿಕ್ ಬಾಟಲಿಗೆ ಮೇಲೊಂದು, ನಡುವೆ ಒಂದು, ಬುಡದಲ್ಲೊಂದು ತೂತು ಮಾಡಿ ನೀರು ತುಂಬಿಸಿ. ಬುಡದ ತೂತಿನಿಂದ ನೀರು ಜೋರಾಗಿ ಚಿಮ್ಮುತ್ತದೆ, ಏಕೆಂದರೆ ಆಳ ಹೆಚ್ಚಿದಂತೆ ಒತ್ತಡ ಹೆಚ್ಚು. ಅಮೆರಿಕದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಇಂಜಿನಿಯರ್ ಕಾನ್ರಾಡ್ ಜಾಬ್ಸ್ಟ್‌ಗೂ ಕಾಲಿನ ಅಭಿಧಮನಿಗಳ ತೊಂದರೆಯಿತ್ತು. ಈಜುಕೊಳದಲ್ಲಿ ನಿಂತರೆ ಮಾತ್ರ ಹಾಯೆನಿಸುತ್ತಿತ್ತು. ನೀರು ಪಾದದ ಹತ್ತಿರ ಹೆಚ್ಚು, ಮೇಲೆ ಕಡಿಮೆ ಒತ್ತುತ್ತದೆ ಎಂಬುದನ್ನು ಹಿಡಿದು, ಅದೇ ಕೆಲಸ ಮಾಡುವ ಸಾಕ್ಸ್ ತಯಾರಿಸಿದರು. ಅಜ್ಜಿಯ ಸಾಕ್ಸೂ ಹಾಗೆಯೇ, ಪಾದದ ಗಂಟಿನ ಬಳಿ ಬಿಗಿ, ಮೇಲಕ್ಕೆ ಹೋದಂತೆ ಸಡಿಲ. ಅದು ಕವಾಟವನ್ನು ರಿಪೇರಿ ಮಾಡುವುದಿಲ್ಲ. ಹಾಕಿದಷ್ಟು ಹೊತ್ತು ಸಹಾಯ ಮಾಡುತ್ತದೆ, ಅಷ್ಟೇ.

ದೊಡ್ಡಮ್ಮನಿಗೆ ಅಂಗಡಿಯವರು ಕಣ್ಣಳತೆಯಲ್ಲೇ “ಮೀಡಿಯಂ ಸಾಕು” ಎಂದು ಕೊಟ್ಟಿದ್ದರು. ಅದು ಮೊಣಕಾಲ ಕೆಳಗೆ ಸುರುಳಿ ಸುತ್ತಿಕೊಂಡು ದಾರ ಬಿಗಿದ ಹಾಗೆ ಕೊರೆಯುತ್ತಿತ್ತು. ಬೀರು ಸೇರದೆ ಇನ್ನೇನು! ಕೊನೆಗೆ ಮೊಮ್ಮಗಳೇ ಟೈಲರ್ ಟೇಪು ಹಿಡಿದಳು. ಬೆಳಿಗ್ಗೆ ಎದ್ದ ಕೂಡಲೇ, ಊತ ಬರುವ ಮೊದಲು ಅಳೆಯಬೇಕು. ಪಾದದ ಗಂಟಿನ ಮೇಲೆ ಕಾಲು ಅತಿ ಸಣ್ಣಗಿರುವಲ್ಲಿ ಒಂದು ಸುತ್ತಳತೆ, ಮೀನಖಂಡ ಅತಿ ದಪ್ಪವಿರುವಲ್ಲಿ ಇನ್ನೊಂದು, ಹಿಮ್ಮಡಿಯಿಂದ ಮೊಣಕಾಲ ಹಿಂದಿನ ಮಡಿಕೆಯವರೆಗೆ ಉದ್ದ. ಎರಡೂ ಕಾಲು ಅಳೆಯಿರಿ, ಒಂದೇ ಸಮ ಇರಬೇಕೆಂದಿಲ್ಲ. ಡಬ್ಬಿಯ ಮೇಲೆ 15-20, 20-30 ಎಂದಿರುವುದು ಒತ್ತಡ. ಬಿ.ಪಿ.ಯಂತೆ ಪಾದರಸದ ಮಿಲಿಮೀಟರಿನ ಲೆಕ್ಕ. ಅದನ್ನು ಡಾಕ್ಟರೇ ಬರೆದುಕೊಡಬೇಕು.

ಹಾಕುವುದಕ್ಕೂ ಒಂದು ಉಪಾಯವಿದೆ. ಕಾಲುಂಗುರ, ಗೆಜ್ಜೆ ತೆಗೆದಿಡಿ, ಇಲ್ಲದಿದ್ದರೆ ಸಾಕ್ಸ್ ಹರಿಯುತ್ತದೆ. ಒಳಗೆ ಕೈ ಹಾಕಿ ಹಿಮ್ಮಡಿಯ ಭಾಗ ಹಿಡಿದು, ಅಲ್ಲಿಯತನಕ ತಿರುವಿಹಾಕಿ. ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂರಿಸಿ, ಸ್ವಲ್ಪಸ್ವಲ್ಪವೇ ಮೇಲೆ ಸವರಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಇದ್ದರೆ ಕೆಲಸ ಅರ್ಧ ಹಗುರ. ಮೊಮ್ಮಕ್ಕಳೇ, ಮೇಲಂಚು ಹಿಡಿದು ಜಗ್ಗಬೇಡಿ. ಸುಕ್ಕು ಇರಬಾರದು, ಮೇಲಂಚನ್ನು ಮಡಚಲೂಬಾರದು; ಮಡಚಿದಲ್ಲಿ ಬಿಗಿತ ಇಮ್ಮಡಿ. ಎಣ್ಣೆ ಹಚ್ಚುವುದಿದ್ದರೆ ರಾತ್ರಿ, ಸಾಕ್ಸ್ ತೆಗೆದ ಮೇಲೆ.

ಅಜ್ಜ ಅಜ್ಜಿಯರಿಗೆ ಇಷ್ಟು ಹೇಳಲೇಬೇಕು: ಪಕ್ಕದ ಮನೆಯವರ ಸಾಕ್ಸ್ ಎರವಲು ತರಬೇಡಿ. ಕಾಲಿಗೆ ರಕ್ತ ತರುವ ಅಪಧಮನಿ ಕಿರಿದಾಗಿದ್ದರೆ ಈ ಬಿಗಿತವೇ ಅಪಾಯ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಎಲ್ಲಿ ಕೊರೆಯುತ್ತಿದೆ ಎಂಬುದೇ ತಿಳಿಯದು. ಎರಡೂ ಕಾಲು ಊದಲು ಹೃದಯ, ಕಿಡ್ನಿ, ಕೆಲವು ಬಿ.ಪಿ. ಮಾತ್ರೆಗಳೂ ಕಾರಣವಾಗಬಹುದು. ಒಂದೇ ಕಾಲು ಹಠಾತ್ತಾಗಿ ಊದಿ, ನೋವು, ಬಿಸಿ ಇದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಸಾಕ್ಸ್ ಹುಡುಕುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ. ಹಾಕಿಕೊಂಡ ಮೇಲೆ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಕೂಡಲೇ ತೆಗೆಯಿರಿ.

ದೊಡ್ಡಮ್ಮ ಈಗ ಬೆಳಿಗ್ಗೆ ಕಾಫಿಗೆ ಮುಂಚೆ ಹಾಕಿಕೊಂಡು, ಮಲಗುವಾಗ ತೆಗೆಯುತ್ತಾರೆ. ಸೆಖೆಯೆಂಬ ಗೊಣಗಾಟ ನಿಂತಿಲ್ಲ, ಆದರೆ ಸಂಜೆ ದೇವಸ್ಥಾನದ ಮೆಟ್ಟಿಲು ಹತ್ತುತ್ತಾರೆ. ಎರಡು ಜೊತೆ ಇದ್ದರೆ ಒಗೆಯಲು ಅನುಕೂಲ. ಮೆದು ಸೋಪು ಸಾಕು, ಹಿಂಡದೆ ನೆರಳಲ್ಲಿ ಒಣಗಿಸಿ. ಸುಮಾರು ಆರು ತಿಂಗಳಿಗೆ ಬಿಗಿತ ಸಡಿಲವಾಗುತ್ತದೆ. ಹೊಸದು ತರುವ ಮೊದಲು ಮತ್ತೊಮ್ಮೆ ಅಳತೆ ತೆಗೆಯಿರಿ.